ಒಣದ್ರಾಕ್ಷಿಯ ರೇಟು ಮತ್ತು ಜರ್ಮನಿಯ ಬಾಯಾರು

ಭಾನುವಾರ ಮಧ್ಯಾಹ್ನ ಶೇಂಗಾ ಚಟ್ನಿ ಕುಟ್ಟಿದ್ದಕ್ಕೆ ಪಕ್ಕದ ಮನೆಯ ಮುದುಕ ಬಂದು ಬಾಗಿಲು ಬಡಿದ. ನಾನು ತೆರೆದ ಕೂಡಲೇ ತುಟಿಯ ಮೇಲೆ ಬೆರಳಿಟ್ಟು "ರೂಹೆ!" ಎಂದ, ಗೋಡೆಗೆ ಅಂಟಿಸಿದ್ದ ನಿಯಮಗಳ ಹಾಳೆ ತೋರಿಸಿದ, ಹೋದ. ರೂಹೆ ಎಂದರೆ ಜರ್ಮನ್ ಭಾಷೆಯಲ್ಲಿ ಶಾಂತಿ. ಭಾನುವಾರ ಇಲ್ಲಿ ಕುಟ್ಟುವಂತಿಲ್ಲ, ಬಡಿಯುವಂತಿಲ್ಲ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ನಮ್ಮ ಶೇಡಬಾಳದಲ್ಲಿ ಪಕ್ಕದ ಮನೆಯಲ್ಲಿ ಚಟ್ನಿ ಕುಟ್ಟುವ ಸದ್ದು ಕೇಳಿದರೆ ವಾಟಿ, ಬಟ್ಟಲು ಹಿಡಿದುಕೊಂಡು ಬರುತ್ತಾರೆಯೇ ಹೊರತು ಕಾಯಿದೆ ಹೇಳಲು ಯಾರೂ ಬರುವುದಿಲ್ಲ. ಅರ್ಧ ಕುಟ್ಟಿದ ಶೇಂಗಾ ಹಾಗೇ ಬಿಟ್ಟು, ಬಾಗಿಲಿಗೆ ಬೆನ್ನು ಕೊಟ್ಟು ಕುಳಿತೆ.

ಖರೇ ಹೇಳಬೇಕೆಂದರೆ ಅವತ್ತು ನನಗೆ ಚಟ್ನಿ ಬೇಕಾಗಿರಲಿಲ್ಲ. ಕೈ ಸುಮ್ಮನಿರಲು ಒಲ್ಲೆ ಎನ್ನುತ್ತಿತ್ತು. ಎಂ.ಎ. ಪ್ರಬಂಧದ ವಿಷಯಕ್ಕಾಗಿ ಅರ್ಜಿ ಹಾಕಿ ಉತ್ತರಕ್ಕಾಗಿ ಕಾಯುತ್ತಿದ್ದೆ. ಹೌದು, ಇಲ್ಲಿ ಯಾವ ವಿಷಯದ ಮೇಲೆ ಪ್ರಬಂಧ ಬರೆಯಬೇಕು ಎಂಬುದಕ್ಕೂ ಅರ್ಜಿ ಹಾಕಬೇಕು. ಒಬ್ಬೊಬ್ಬ ಪ್ರಾಧ್ಯಾಪಕರ ಪೀಠಕ್ಕೆ ಲೇರ್‌ಷ್ಟೂಲ್ ಎನ್ನುತ್ತಾರೆ. ಆ ಪೀಠಕ್ಕೆ ನಿಮ್ಮ ಅಂಕಗಳು, ನಿಮ್ಮ ಪ್ರಶ್ನೆ, ಅದಕ್ಕೆ ಉತ್ತರ ಹುಡುಕುವ ದಾರಿ ಎಲ್ಲವನ್ನೂ ಎರಡು ಪುಟದಲ್ಲಿ ಬರೆದು ಕಳಿಸಬೇಕು. ಅವರಿಗೆ ಸರಿ ಎನಿಸಿದರೆ ತೆಗೆದುಕೊಳ್ಳುತ್ತಾರೆ, ಇಲ್ಲದಿದ್ದರೆ ವಂದನೆ ಹೇಳಿ ಕಳಿಸುತ್ತಾರೆ. ಆ ಸೆಮಿಸ್ಟರಿನೊಳಗೆ ವಿಷಯ ಸಿಗದೆ ಹೋದರೆ ನನ್ನ ವಾಸದ ಪರವಾನಗಿ ಮುಂದುವರಿಯುವುದಿಲ್ಲ ಎಂದು ವೀಸಾ ಕಚೇರಿಯವರು ಮೊದಲೇ ಹೇಳಿದ್ದರು. ಅಂದರೆ ಪದವಿಯಿಲ್ಲದೆ ಗಂಟುಮೂಟೆ ಕಟ್ಟಬೇಕು.

ಧಾರವಾಡದಲ್ಲಿ ಓದುವಾಗ ಈ ತಾಪತ್ರಯವೇ ಇರಲಿಲ್ಲ. ಗೈಡ್ ಸಾಹೇಬರು ಚಹಾ ಕುಡಿಯುತ್ತ, "ನಿಮ್ಮ ಕಡೆ ಕಬ್ಬು ಭಾಳ ಅಲ್ಲೇನವಾ? ಕಬ್ಬಿನ ಮ್ಯಾಲ ಮಾಡಿಬಿಡು" ಎಂದಿದ್ದರು. ನಾನು "ಹೂಂ ರಿ ಸರ್" ಎಂದು ಮಾಡಿಬಿಟ್ಟಿದ್ದೆ. ಆಗ ಅದು ಸುಖವೆನಿಸಿತ್ತು. ಇಲ್ಲಿ ಬಂದು ನೋಡಿದರೆ, ನನಗೆ ಏನು ತಿಳಿದುಕೊಳ್ಳಬೇಕಿದೆ ಎಂದು ಅಲ್ಲಿಯವರೆಗೆ ಒಬ್ಬರೂ ಕೇಳಿರಲಿಲ್ಲ. ಕೇಳಿದಾಗ ತಲೆ ಖಾಲಿಯಾಯಿತು.

ಡಿಜಿಟಲ್ ಅರ್ಥಶಾಸ್ತ್ರದ ಪೀಠದವರು ಮಾದರಿಗೆಂದು ಕೆಲವು ವಿಷಯ ಪ್ರಕಟಿಸಿದ್ದರು. ಆನ್‌ಲೈನ್ ಅಂಗಡಿಗಳಲ್ಲಿ ಗಿರಾಕಿಗಳು ಕೊಡುವ ನಕ್ಷತ್ರಗಳು, ಬಾಡಿಗೆ ಕಾರಿನ ಆ್ಯಪ್, ಹೀಗೆ. ನನಗೆ ಅವು ಯಾವುವೂ ಹತ್ತಿರ ಬರಲಿಲ್ಲ. ಆಗ ನಮ್ಮ ಕಡೆ ವಾಟ್ಸಾಪ್ ಹೊಸದಾಗಿ ಬಂದಿತ್ತು. ಕಾಗವಾಡ, ಅಥಣಿ ಕಡೆಯ ದ್ರಾಕ್ಷಿ ಬೆಳೆಗಾರರೆಲ್ಲ ಗುಂಪು ಮಾಡಿಕೊಂಡು, ಗಡಿಯಾಚೆಯ ಮಹಾರಾಷ್ಟ್ರದ ಪೇಟೆಯಲ್ಲಿ ಒಣದ್ರಾಕ್ಷಿ ಏನು ರೇಟು ನಡೆದಿದೆ ಎಂದು ತೋಟದಲ್ಲೇ ನಿಂತು ನೋಡುತ್ತಿದ್ದರು. ಆದರೂ ಮಾಲು ಮಾತ್ರ ಅಜ್ಜನ ಕಾಲದ ದಲಾಲಿ ಅಂಗಡಿಗೇ ಹೋಗುತ್ತಿತ್ತು. ರೇಟು ಅಂಗೈಯಲ್ಲೇ ಕಂಡ ಮೇಲೆ ರೈತನ ಕೈಗೆ ನಿಜವಾಗಿ ಹೆಚ್ಚು ದರ ಬಂತೇ? ಇದೇ ನನ್ನ ಪ್ರಶ್ನೆ ಎಂದು ಬರೆದೆ. ಬರೆದು ಮುಗಿಸಿದ ದಿನ ಖುಷಿಯಿಂದ ಎರಡು ಸಲ ಅನ್ನ ಮಾಡಿಕೊಂಡು ಉಂಡೆ.

ಎಡವಟ್ಟು ಆದದ್ದು ಆಮೇಲೆ. ನಮ್ಮಲ್ಲಿ ಸುಗ್ಗಿ ಮುಗಿದ ಮೇಲೆ ಅಪ್ಪನ ತಮ್ಮ ಅಣ್ಣಾಸಾಬ ಕಾಕಾ ಒಣದ್ರಾಕ್ಷಿಯ ಪೊಟ್ಟಣ ಕಟ್ಟಿಕೊಂಡು ಪೇಟೆಗೆ ಹೋಗುತ್ತಾನೆ. ಒಂದೇ ಮಾಲಿನ ಪೊಟ್ಟಣಗಳನ್ನು ಮೂರು ಅಂಗಡಿಗೆ ತೋರಿಸಿ, ಮೂವರ ಮಾತೂ ಕೇಳಿ, ಆಮೇಲೆ ಮನಸ್ಸು ಮಾಡುತ್ತಾನೆ. ಕಡೆಗೆ ಹಳೆಯ ಅಂಗಡಿಗೇ ಹಾಕಿದರೂ ತೋರಿಸುವುದು ಮಾತ್ರ ಬಿಡುವುದಿಲ್ಲ. ಆ ಮನೆಯಲ್ಲಿ ಬೆಳೆದ ನಾನೂ ಅದನ್ನೇ ಮಾಡಿದೆ. ಅದೇ ಎರಡು ಪುಟವನ್ನು ಒಂದೇ ಮುಂಜಾನೆ ಮೂರು ಪೀಠಗಳಿಗೆ ಕಳಿಸಿದೆ. ಮೂವರು ಪ್ರಾಧ್ಯಾಪಕರೂ ದಿನಾ ಮೆನ್ಸಾದಲ್ಲಿ, ಅಂದರೆ ವಿಶ್ವವಿದ್ಯಾಲಯದ ಊಟದ ಮನೆಯಲ್ಲಿ, ಒಂದೇ ಮೇಜಿಗೆ ಕುಳಿತು ಉಣ್ಣುತ್ತಾರೆ ಎಂಬುದು ನನಗೇನು ಗೊತ್ತು!

ಚಟ್ನಿಯ ಭಾನುವಾರದ ಮರುದಿನ ಇಬ್ಬರಿಂದ ಒಂದೇ ಬಗೆಯ ಉತ್ತರ ಬಂತು: ನೀವು ಬೇರೆ ಕಡೆಯೂ ಕೇಳಿದ್ದೀರೆಂದು ತಿಳಿಯಿತು, ಆದ್ದರಿಂದ ನಮ್ಮಲ್ಲಿ ಜಾಗವಿಲ್ಲ. ಮೂರನೆಯವರು ಡಿಜಿಟಲ್ ಅರ್ಥಶಾಸ್ತ್ರದ ಪ್ರಾಧ್ಯಾಪಕಿ. ನಮ್ಮೂರ ಶಾಲೆಯಲ್ಲಿ ಶಿಕ್ಷಕಿಯರನ್ನು ಕರೆಯುವ ರೂಢಿಯಂತೆ ನಾನು ಮನಸ್ಸಿನಲ್ಲೇ ಅವರನ್ನು ಬಾಯಾರು ಎನ್ನುತ್ತಿದ್ದೆ. ಅವರು ಮಾತ್ರ ಬಂದು ಕಾಣಲು ಹೇಳಿದ್ದರು. ಬೈಯಲಿಕ್ಕೇ ಕರೆದಿದ್ದಾರೆ ಎಂದುಕೊಂಡು ಅಪ್ಪನಿಗೆ ಫೋನು ಹಚ್ಚಿದೆ.

"ಯಾಕವ್ವಾ, ದನಿ ಹಂಗ ಯಾಕ ಬಿದ್ದೈತಿ?" ಎಂದ ಅಪ್ಪ.

"ಮೂರೂ ಕಡೆ ಕಳಿಸಿದ್ದು ಅವರಿಗೆ ಗೊತ್ತಾಗಿಬಿಟ್ಟೈತಿ ಅಪ್ಪಾ. ಭಾಳ ತಪ್ಪಾತಂತ."

"ಅದರಾಗ ತಪ್ಪೇನೈತಿ? ಒಂದ ಅಂಗಡಿಗೆ ತೋರಿಸಿ ಬರಾಂವ ರೈತ ಅಲ್ಲ, ಹುಚ್ಚ. ಹಂಗಂತ ಅವರಿಗೆ ಹೇಳ."

ಹಿಂದಿನಿಂದ ಅವ್ವನ ದನಿ ಕೇಳಿತು. "ಹಂಗೆಲ್ಲ ಎದುರಾಡಬ್ಯಾಡವಾ. ಕೈ ಮುಗಿದು ಸುಮ್ಮ ನಿಂದರು. ಉಂಡೀಯಿಲ್ಲ?"

ಬಾಯಾರ ಕೋಣೆಯಲ್ಲಿ ನಾನು ಅವ್ವ ಹೇಳಿದಂತೆ ಕೈ ಮುಗಿದು ಕುಳಿತೆ. ಅವರು "ಮೂರು ಕಡೆ ಏಕೆ?" ಎಂದು ಒಂದೇ ಪ್ರಶ್ನೆ ಕೇಳಿದರು. ಬಾಯಿಗೆ ಬಂದದ್ದು ಅಪ್ಪ ಹೇಳಿದ ಮಾತು. ಕಾಕಾನ ಪೊಟ್ಟಣಗಳ ಕಥೆಯನ್ನೆಲ್ಲ ನನ್ನ ಮುರುಕು ಜರ್ಮನ್‌ನಲ್ಲಿ ಹೇಳಿದೆ. ಬಾಯಾರು ನಗಲಿಲ್ಲ. ಇಲ್ಲಿ ಒಂದು ಪೀಠವನ್ನು ಕೇಳಿದರೆ ಅವರ ಉತ್ತರಕ್ಕೆ ಕಾಯಬೇಕು, ಅದು ಮಾತು ಕೊಟ್ಟಂತೆ ಎಂದು ನಿಧಾನವಾಗಿ ತಿಳಿಸಿದರು. ಆಮೇಲೆ ನನ್ನ ಪುಟಗಳ ಮೇಲೆ ಪೆನ್ನು ಇಟ್ಟರು.

"ಪೇಟೆಯ ರೇಟು ಎಲ್ಲರಿಗೂ ಸಿಗುತ್ತದೆ. ಒಬ್ಬೊಬ್ಬ ರೈತನ ಕೈಗೆ ಎಷ್ಟು ಬಂತು ಎಂಬುದು ನಿಮಗೆ ಬೇಕು. ಅದನ್ನು ಅವರು ನಿಮಗೆ ಹೇಳುತ್ತಾರೆಯೇ?"

"ಹೇಳದೇ ಏನು? ಅವರು ನನ್ನ ಊರಿನವರು. ನನಗೆ ಖರೇ ಹೇಳುತ್ತಾರೆ" ಎಂದೆ.

"ಹಾಗಾದರೆ ವಿಷಯ ನಿಮ್ಮದು. ಆದರೆ ಆ ಅಂಕಿಗಳಿಲ್ಲದೆ ಈ ಪ್ರಬಂಧವಿಲ್ಲ" ಎಂದು ಸಹಿ ಹಾಕಿದರು.

ಕೋಣೆಯಿಂದ ಹೊರಗೆ ಬಂದವಳು ಟ್ರಾಮ್ ಹತ್ತದೆ ನಡೆದೇ ಮನೆಗೆ ಹೋದೆ. ಮೆಟ್ಟಿಲ ಮೇಲೆ ಸಿಕ್ಕ ಆ ರೂಹೆ ಮುದುಕನಿಗೂ ನಗುತ್ತ ನಮಸ್ಕಾರ ಮಾಡಿದೆ. ಅವನು ಗಾಬರಿಯಾದ.

ಬೇಸಿಗೆಗೆ ಊರಿಗೆ ಬಂದೆ. ಜರ್ಮನಿಯಲ್ಲಿದ್ದಾಗ ಊರಿನ ಸದ್ದು ಬೇಕು ಬೇಕು ಎನ್ನುತ್ತಿದ್ದ ಕಿವಿಗೆ, ಬಂದ ಮೊದಲ ವಾರ ಬಸ್ಸಿನ ಹಾರ್ನು, ಮೈಕು, ನಾಯಿಗಳ ಜಗಳ ಯಾವುದನ್ನೂ ಸಹಿಸಲಾಗಲಿಲ್ಲ. "ಸ್ವಲ್ಪ ಮೆಲ್ಲಕ ಮಾತಾಡ್ರಿ" ಎಂದು ಅವ್ವನಿಗೇ ಅಂದೆ. "ಅಯ್ಯ, ನನ್ನ ಮನ್ಯಾಗ ನಾ ಮಾತಾಡಾಕೂ ಈಕಿ ಪರವಾನಗಿ ಬೇಕೇನು!" ಎಂದು ಅವ್ವ ಇನ್ನಷ್ಟು ಜೋರು ಮಾಡಿದಳು. ಪ್ರಶ್ನೆಗಳ ಹಾಳೆ ಹಿಡಿದು ಶೆಡ್ಡಿನಿಂದ ಶೆಡ್ಡಿಗೆ ಓಡಾಡತೊಡಗಿದೆ. ಸಾಲುಸಾಲು ಬಲೆಗಳ ಮೇಲೆ ಹಸಿರು ದ್ರಾಕ್ಷಿ ಒಣಗುವ ಶೆಡ್ಡುಗಳವು. ಹೋದಲ್ಲೆಲ್ಲ ಚಹಾ ಕೊಟ್ಟರು, ಕುರ್ಚಿ ಕೊಟ್ಟರು. ರೇಟು ಕೇಳಿದರೆ "ಪೇಟಿ ನಡದಂಗ ಬಂತವ್ವಾ, ನಮಗ ಬ್ಯಾರೆ ಏನ ಬರ್ತೈತಿ" ಎಂದು ಹೆಚ್ಚುಕಡಿಮೆ ಎಲ್ಲರೂ ಒಂದೇ ಅಂಕಿ ಹೇಳಿದರು.

ಅಣ್ಣಾಸಾಬ ಕಾಕಾನ ಶೆಡ್ಡಿಗೆ ಹೋದಾಗ ಅವನು ಟೊಪ್ಪಿಗೆ ಸರಿಮಾಡಿಕೊಂಡು, "ಬರ್ರಿ ಮೇಡಮ್ಮಾರ, ಬರ್ರಿ! ಜರ್ಮನಿಯವರು ನಮ್ಮ ಶೆಡ್ಡಿಗೆ" ಎಂದು ಚೇಷ್ಟೆ ಮಾಡಿದ. ನಾನು ಹಾಳೆ ಬಿಚ್ಚಿ, ಪೆನ್ನಿನ ಟೊಪ್ಪಿಗೆ ತೆಗೆದು, ಒಂದೊಂದೇ ಕೇಳಿದೆ. ರೇಟಿಗೆ ಬಂದಾಗ ಅವನೂ ಅದೇ ಅಂಕಿ ಹೇಳಿದ. ಬರೆದುಕೊಂಡು ಹಾಳೆ ಚೀಲಕ್ಕೆ ಹಾಕಿದೆ.

"ಆತಿಲ್ಲ ನಿನ್ನ ಕೆಲಸ? ಬಾ, ಉಣ್ಣೂಣು" ಎಂದ. ಅವನ ಹೆಂಡತಿ, ನಮ್ಮ ಕಾಕು, ರೊಟ್ಟಿ, ಕಡಲೆಹಿಟ್ಟಿನ ಝುಣಕ ಬಡಿಸಿದಳು. ಎರಡನೆಯ ರೊಟ್ಟಿ ಮುರಿಯುತ್ತ ಕಾಕಾ ದನಿ ತಗ್ಗಿಸಿ, "ಈ ವರ್ಷ ನಮ್ಮ ಮಾಲು ಎಷ್ಟಕ್ಕ ಹೋತು ಗೊತ್ತೈತೇನ?" ಎಂದು ಬೇರೆಯೇ ಒಂದು ಅಂಕಿ ಹೇಳಿದ. ಬಹಳ ದೊಡ್ಡದು. ಮುಖವೆಲ್ಲ ಬೆಳಗಿತ್ತು.

"ಕಾಕಾ! ಮತ್ತ ಈಗರೇ ನನಗ ಬ್ಯಾರೆ ಹೇಳಿದ್ರಿ?"

"ಅದು ಜರ್ಮನಿಯಾಕಿಗೆ ಹೇಳಿದ್ದು. ಇದು ನಮ್ಮ ಹುಡುಗಿಗೆ. ಊರಿಗೆ ಹೇಳಾಕ ಒಂದು ರೇಟು ಇರತೈತಿ, ಮನ್ಯಾಗ ಒಂದು. ಖರೇ ಹೇಳಿದರ ಹೆಚ್ಚಾದಾಗ ಕಣ್ಣ ಬೀಳ್ತಾವು, ಕಡಿಮ್ಯಾದಾಗ ನಗತಾರ. ಇಷ್ಟೂ ಮರತೀಯೇನ ಅಲ್ಲಿ ಹೋಗಿ?"

ನನಗೆ ಸಂತೋಷವೂ ಆಯಿತು, ಅಳುವೂ ಬಂತು. ಹಾಗಾದರೆ ಎಲ್ಲ ಶೆಡ್ಡುಗಳಲ್ಲೂ ನಾನು ಬರೆದುಕೊಂಡದ್ದು ಊರಿಗೆ ಹೇಳುವ ರೇಟು.

"ಕಾಕಾ, ಖರೇ ರೇಟು ಬರಕೊಳ್ಳಲೇನ್ರಿ? ಹೆಸರು ಹಾಕಂಗಿಲ್ಲ. ಅದಿಲ್ಲಂದ್ರ ನನ್ನ ಓದು ನಿಂತ ಹೋಗತೈತಿ."

ಕಾಕಾ ತುತ್ತು ತಾಟಿನಲ್ಲೇ ಇಟ್ಟ. ಸಿಟ್ಟು ಮಾಡಲಿಲ್ಲ. "ಬರಕೋ. ನಿನ್ನ ಓದು ನಿಲ್ಲೂದು ಬ್ಯಾಡ. ಆದರ ಮುಂದ ನೀ ಬಂದು ಉಣ್ಣಾಕ ಕುಂತಾಗ ನಾ ಏನೂ ಹೇಳಂಗಿಲ್ಲ. ಪೆನ್ನು ತಂದೀಯೋ ಇಲ್ಲೋ ಅಂತ ನಾ ಪ್ರತಿ ಸಲ ಹ್ಯಾಂಗ ನೋಡ್ಲಿ?"

ಚೀಲ ಪಕ್ಕದಲ್ಲೇ ಇತ್ತು. ನಾನು ಬರೆಯಲಿಲ್ಲ. ಬಾಯಾರಿಗೆ ನಾನು ಹೇಳಿದ್ದು ಸುಳ್ಳಾಗಿರಲಿಲ್ಲ, ನನ್ನ ಊರಿನವರು ನನಗೆ ಖರೇ ಹೇಳುತ್ತಾರೆ. ಹಾಗೆ ಹೇಳಿದ್ದಕ್ಕೇ ಅದನ್ನು ಬರೆಯಲಾಗದು ಎಂಬುದು ಅವರ ಕೋಣೆಯಲ್ಲಿ ಕುಳಿತಾಗ ನನಗೆ ಹೊಳೆದಿರಲಿಲ್ಲ. ಊರಿನ ಹಾಳೆಗಳನ್ನೆಲ್ಲ ಪಕ್ಕಕ್ಕಿಟ್ಟೆ. ಅಥಣಿಯ ಆಚೆ, ನನ್ನನ್ನು ಯಾರೂ ಅರಿಯದ, ಯಾರೂ ಉಣ್ಣಲು ಕೂರಿಸಿಕೊಳ್ಳದ ಹಳ್ಳಿಗಳಿಗೆ ಬಸ್ಸು ಹತ್ತಿ ಹೋದೆ. ಮಾರಾಟದ ರಶೀದಿ ತೋರಿಸಿದವರ ಅಂಕಿಗಳನ್ನು ಮಾತ್ರ ಬರೆದುಕೊಂಡೆ. ಹೊರಗಿನವಳಿಗೆ ಏನು ಹೆದರಿಕೆ ಎಂದು ಕೆಲವರು ತೋರಿಸಿದರು. ಅಷ್ಟೇ ಅಂಕಿಗಳಲ್ಲಿ ಪ್ರಬಂಧ ಮುಗಿಸಿದೆ. ಪಾಸಾಯಿತು, ಪರವಾನಗಿಯೂ ಮುಂದುವರಿಯಿತು.

ಬಾಯಾರು ಕೊನೆಯ ದಿನ ಪುಟ ತಿರುವುತ್ತ, ಅಂಕಿ ಸಿಕ್ಕ ಹಳ್ಳಿಗಳಿಗೆಲ್ಲ ನಾನು ಚುಕ್ಕೆ ಇಟ್ಟಿದ್ದ ಆ ಸೀಮೆಯ ನಕಾಶೆಯ ಮೇಲೆ ಬೆರಳಿಟ್ಟು ನನ್ನ ಊರು ಎಲ್ಲಿದೆ ಎಂದು ಕೇಳಿದರು. ನಕಾಶೆಯ ನದಿಯ ಪಕ್ಕ ಒಂದು ಚುಕ್ಕೆಯೂ ಇಲ್ಲದ ಬಿಳಿ ಜಾಗ ತೋರಿಸಿದೆ.

"ಇಲ್ಲಿ ಯಾರೂ ದ್ರಾಕ್ಷಿ ಬೆಳೆಯುವುದಿಲ್ಲವೇ?" ಎಂದರು.

"ಬೆಳೆಯುತ್ತಾರೆ. ಅಲ್ಲಿ ನಾನು ಉಣ್ಣುತ್ತೇನೆ" ಎಂದೆ.