ಎಲ್ಲರಿಗೂ ಕಾಫಿ ಗುಂಪೇ ಬೇಕು

ನಾನು ಅತಿಥಿ ಶಿಕ್ಷಕಿಯಾಗಿ ಸೇರಿದ ಶಾಲೆ ಕೊಡ್ಲಿಪೇಟೆಯಿಂದ ಒಳಗೆ, ದಿನಕ್ಕೆರಡೇ ಸಲ ಬಸ್ಸು ಬರುವ ಊರಿನಲ್ಲಿದೆ. ಎರಡು ಕೋಣೆ, ಒಂದು ಜಗಲಿ. ಆಗಸ್ಟಿನಲ್ಲಿ ಸೇರಿದ ದಿನವೇ ಹೆಡ್‌ಮಾಸ್ಟರ್ ವಿಷಯ ಸ್ಪಷ್ಟ ಮಾಡಿದರು. "ಫೆಬ್ರವರಿಯಲ್ಲಿ ಮಕ್ಕಳ ಓದು, ಲೆಕ್ಕ ನೋಡೋಕೆ ಮೇಲಿನಿಂದ ಒಬ್ಬರು ಮೇಡಂ ಬರ್ತಾರೆ. ಮಕ್ಕಳು ಒಂದು ಮೆಟ್ಟಿಲು ಹತ್ತಿದ್ರೆ ಜೂನ್‌ಗೂ ನಿಮ್ಮನ್ನೇ ಕರೀತೀನಿ. ಇಳಿದಿದ್ರೆ ನಾನು ಕರೆದರೂ ಅವರು ಒಪ್ಪಲ್ಲ." ನನಗೆ ಆ ಕೆಲಸ ಬೇಕಿತ್ತು. ಅದು ತಪ್ಪಿದರೆ ಗೋಣಿಕೊಪ್ಪಲಿನಲ್ಲಿರುವ ಚಿಕ್ಕಪ್ಪನ ಗೊಬ್ಬರದ ಅಂಗಡಿಯಲ್ಲಿ ಬಿಲ್ ಬರೆಯಲು ಕೂರಬೇಕೆಂದು ಮನೆಯಲ್ಲಿ ಆಗಲೇ ತೀರ್ಮಾನವಾಗಿತ್ತು.

ಆ ವರ್ಷ ಹೊಸದೊಂದು ಕ್ರಮ ಬಂದಿತ್ತು. ಬೆಳಿಗ್ಗೆ ಒಂದು ಗಂಟೆ ಕಾಲ ಯಾರು ಯಾವ ತರಗತಿ ಎಂಬುದನ್ನು ಮರೆತು, ಎಷ್ಟು ಓದಬಲ್ಲರೋ ಅದರಂತೆ ಮಕ್ಕಳನ್ನು ಕೂರಿಸುವುದು. ಅಕ್ಷರ ಗುರುತಿಸುವವರು, ಪದ ಓದುವವರು, ವಾಕ್ಯ ಓದುವವರು, ಕತೆ ಓದುವವರು. ಲೆಕ್ಕವೂ ಅದೇ ಗುಂಪುಗಳಲ್ಲಿ: ಸಂಖ್ಯೆ, ಸಂಕಲನ, ವ್ಯವಕಲನ, ಭಾಗಾಕಾರ. ಮೂರರಿಂದ ಐದನೇ ತರಗತಿಯವರೆಗಿನ ಹದಿನಾಲ್ಕು ಮಕ್ಕಳು ಈ ಗುಂಪುಗಳಿಗೆ ಸೇರಿದರು.

"ಅಕ್ಷರದ ಗುಂಪು ಅಂದ್ರೆ ಮಕ್ಕಳಿಗೆ ಅವಮಾನ" ಎಂದು ಹೆಡ್‌ಮಾಸ್ಟರ್ ಗುಂಪುಗಳಿಗೆ ಬೇರೆ ಹೆಸರಿಟ್ಟರು. ಅವರು ಮಡಿಕೇರಿಯ ಅರ್ಚಕರ ಮನೆಯವರು, ತೋಟವಿಲ್ಲ. ಅವರ ಮನೆಯಲ್ಲಿ ಕಿತ್ತಳೆ ಬುಟ್ಟಿಯಲ್ಲಿ ಯಾರ ಕೈಗಾದರೂ ಸಿಗುತ್ತಿತ್ತು, ಕಾಫಿಪುಡಿ ಒಲೆಯ ಪಕ್ಕದಲ್ಲಿರುತ್ತಿತ್ತು, ಕಾಳುಮೆಣಸು ಮೇಲಿನ ಡಬ್ಬಿಯಲ್ಲಿ, ಏಲಕ್ಕಿ ಅವರ ತಾಯಿಯ ಬೀರುವಿನಲ್ಲಿ ಬೀಗದೊಳಗೆ. ಅಕ್ಷರದಿಂದ ಕತೆಯವರೆಗೆ ಆ ಕ್ರಮದಲ್ಲೇ ಕಿತ್ತಳೆ, ಕಾಫಿ, ಮೆಣಸು, ಏಲಕ್ಕಿ ಎಂದು ಗೋಡೆಗೆ ಎಣ್ಣೆಬಣ್ಣದಲ್ಲಿ ಬರೆಸಿ, ಫೋಟೋ ತೆಗೆದು ಮೇಲಕ್ಕೆ ಕಳುಹಿಸಿದರು.

ಪ್ರತಿ ಶುಕ್ರವಾರ ಸಂಜೆ ಯಾವ ಗುಂಪಿನಲ್ಲಿ ಎಷ್ಟು ಮಕ್ಕಳೆಂದು ಬರೆದಿಡುವುದು ನನ್ನ ಅಭ್ಯಾಸ. ನವೆಂಬರಿನ ಮೊದಲ ಶುಕ್ರವಾರ: ಕಿತ್ತಳೆ ಐದು, ಕಾಫಿ ನಾಲ್ಕು, ಮೆಣಸು ನಾಲ್ಕು, ಏಲಕ್ಕಿ ಒಂದು. ಆ ಒಂದು ಎಂದರೆ ಐದನೇ ತರಗತಿಯ ಹುಡುಗಿ. ಕೈಗೆ ಸಿಕ್ಕಿದ್ದೆಲ್ಲ ಓದುವವಳು. ಜಗಲಿಯಲ್ಲಿ ಒಬ್ಬಳೇ ಕೂತು, ಗುಂಪು ಚರ್ಚೆಯ ಹೊತ್ತಿನಲ್ಲಿ ತನ್ನೊಡನೆ ತಾನೇ ಚರ್ಚಿಸಿ, ಗುಂಪಿನ ನಾಯಕಿಯಾಗಿ ಎದ್ದು ನಿಂತು ವರದಿ ಒಪ್ಪಿಸುತ್ತಿದ್ದಳು.

ಸೋಮವಾರ ಅವಳ ಅಪ್ಪ ಬಂದರು. ಎರಡೆಕರೆ ಕಾಫಿ ಬೆಳೆಯುವವರು.

"ಮೇಡಂ, ನನ್ ಮಗಳನ್ನ ಏಲಕ್ಕಿಗೆ ಹಾಕಿದೀರಂತೆ. ಅವಳೇನು ತಪ್ಪು ಮಾಡಿದ್ಲು?"

"ಅದೇ ಎಲ್ಲಕ್ಕಿಂತ ಮೇಲಿನ ಗುಂಪು."

"ಯಾರಿಗೆ ಮೇಲು? ನಮ್ಮಪ್ಪ ಏಲಕ್ಕಿ ಹಾಕಿದ್ರು. ಕಟ್ಟೆ ರೋಗ ಬಂದು ಗಿಡವೂ ಹೋಯ್ತು, ಸಾಲಕ್ಕೆ ಗದ್ದೆನೂ ಹೋಯ್ತು. ಕಿತ್ತಳೆ ಒಣಗೋಯ್ತು. ಮೆಣಸಿನ ಬಳ್ಳಿ ನಿನ್ನೆ ಹಸಿರಾಗಿದ್ದು ಇವತ್ತು ಸೊರಗಿರ್ತದೆ. ಈಗ ನೆಟ್ಟಗೆ ನಿಂತಿರೋದು ಕಾಫಿ ಒಂದೇ. ಕಾಫಿಗೆ ಹಾಕ್ಬಿಡಿ."

ಕಾಫಿ ಗುಂಪಿನವರು ಬರೀ ಪದ ಓದುತ್ತಾರೆ ಎಂದೆ.

"ಓದ್ಲಿ ಬಿಡಿ. ಪದ ಇಲ್ದೆ ಕತೆ ಎಲ್ಲಿಂದ ಬರ್ತದೆ?"

ಮರುದಿನ ಹುಡುಗಿ ಬಂದು ಕಾಫಿ ಗುಂಪಿನ ಚಾಪೆಯ ಮೇಲೆ ಕೂತಳು. ಕತೆ ಕೊಟ್ಟರೆ ಒಂದು ಪದ ಓದಿ ಪುಸ್ತಕ ಮಡಿಚಿದಳು. "ಅಪ್ಪ ಹೇಳಿದಾರೆ ಮಿಸ್." ಮೆಣಸಿನವರು ಅದನ್ನು ನೋಡಿದರು. ವಾರದೊಳಗೆ ಅವರಿಗೂ ವಾಕ್ಯ ಮರೆತುಹೋಯಿತು.

ಇನ್ನೊಂದು ತುದಿಯಲ್ಲಿ ನಾನು ಎಣಿಸದ ಸಂಗತಿ ನಡೆಯಿತು. ಎಸ್ಟೇಟ್ ಲೈನಿನ ಕೂಲಿಮನೆಯ ತಾಯಿಯೊಬ್ಬಳು ನನ್ನನ್ನು ದಾರಿಯಲ್ಲಿ ತಡೆದು ಕೇಳಿದಳು: "ಮಿಸ್, ನಾನ್ ದಿನಾ ಕಾಫಿ ಕುಯ್ಯೋದು, ನನ್ ಪಾಪ ಕಿತ್ತಳೆಯಾ? ಕಾಫಿಗೆ ಹೋಗಕ್ಕೆ ಏನ್ ಮಾಡ್ಬೇಕು?" ಪದ ಓದಬೇಕು, ಕೂಡುವ ಲೆಕ್ಕ ಮಾಡಬೇಕು ಎಂದೆ. ಅಂದಿನಿಂದ ಗೊಬ್ಬರದ ಚೀಲ, ಬಸ್ಸಿನ ಬೋರ್ಡು, ಬಿಸ್ಕತ್ತಿನ ಪೊಟ್ಟಣ ಎಲ್ಲವನ್ನೂ ಮಗನಿಂದ ಓದಿಸಿದಳು. ಉಳಿದ ತಾಯಂದಿರೂ ಹಾಗೇ ಮಾಡಿದರು. ಮೂರು ತಿಂಗಳು ನಾನು ಒದ್ದಾಡಿದರೂ ಹತ್ತದ ಮಕ್ಕಳು ಡಿಸೆಂಬರ್ ಮುಗಿಯುವುದರೊಳಗೆ ಹತ್ತಿದರು. ಜನವರಿಯ ಎರಡನೇ ಶುಕ್ರವಾರ ಬರೆದದ್ದು: ಕಿತ್ತಳೆ ಸೊನ್ನೆ, ಕಾಫಿ ಹದಿನಾಲ್ಕು, ಮೆಣಸು ಸೊನ್ನೆ, ಏಲಕ್ಕಿ ಸೊನ್ನೆ. ಐವರು ಹತ್ತಿದ್ದರು, ಐವರು ಇಳಿದಿದ್ದರು. ಮೇಲಿನಿಂದ ಬರುವವರ ಕಣ್ಣಿಗೆ ಬೀಳುವುದು ಇಳಿದವರೇ.

"ಸರ್, ಗೋಡೆ ಮೇಲಿನ ಹೆಸರು ಬದಲಾಯಿಸೋಣ. ಕತೆಯ ಗುಂಪಿಗೆ ಕಾಫಿ ಅಂತ ಬರೆಸಿ."

"ಫೋಟೋ ಹೋಗಿಬಿಟ್ಟಿದೆಯಲ್ಲಮ್ಮಾ!" ಎಂದರು ಅವರು, ಹೆಣ ಸಾಗಿಸಿಯಾಯಿತು ಎನ್ನುವ ದನಿಯಲ್ಲಿ.

ಲೆಕ್ಕದ ಪಾಡೂ ಅದೇ. ಆ ಹುಡುಗಿ ಭಾಗಾಕಾರದ ಲೆಕ್ಕ ಕಂಡರೆ "ಅದು ಏಲಕ್ಕಿಯವರದ್ದು" ಎನ್ನುತ್ತಿದ್ದಳು. ಮಧ್ಯಾಹ್ನ ಬಾಳೆಹಣ್ಣು ಕಡಿಮೆ ಬಂದಾಗ ಮಾತ್ರ ಚಾಕು ಹಿಡಿದು, ಒಂದು ತುಂಡೂ ಹೆಚ್ಚುಕಡಿಮೆಯಾಗದಂತೆ ಎಲ್ಲರಿಗೂ ಹಂಚಿದಳು. ಇದು ಭಾಗಾಕಾರವಲ್ಲವೇ ಎಂದು ಕೇಳಿದೆ. "ಇಲ್ಲ ಮಿಸ್, ಇದು ಊಟ."

ಫೆಬ್ರವರಿಯಲ್ಲಿ ಪರೀಕ್ಷಿಸುವ ಮೇಡಂ ಜೀಪಿನಲ್ಲಿ ಬಂದರು. ಮೊದಲು ಕರೆದದ್ದು ಅವಳನ್ನೇ. ಅವಳ ಅಪ್ಪ ಕುಯ್ಲು ಬಿಟ್ಟು ಬಂದು ಕಿಟಕಿಯ ಹೊರಗೆ ನಿಂತಿದ್ದರು, ಮಗಳನ್ನು ಮತ್ತೆಲ್ಲಿ ಏಲಕ್ಕಿಗೆ ತಳ್ಳುತ್ತಾರೋ ಎಂದು ನೋಡಲು. ಮೇಡಂ ಕೊಟ್ಟ ಹಾಳೆಯಲ್ಲಿ ಮಂಜಿನಲ್ಲಿ ಕಾಣೆಯಾದ ಮೇಕೆಯ ಕತೆಯಿತ್ತು.

"ನಾನು ಕಾಫಿ. ಪದ ಮಾತ್ರ ಓದ್ತೀನಿ" ಎಂದಳು ಹುಡುಗಿ.

"ಸರಿ, ಪದವನ್ನೇ ಓದು" ಎಂದರು ಮೇಡಂ.

ಓದಿದಳು. "ಅಜ್ಜಿಯ." ನಿಲ್ಲಿಸಿ ಉಸಿರೆಳೆದುಕೊಂಡಳು. "ಮೇಕೆ." ಮತ್ತೆ ಉಸಿರು. "ಬೆಳಿಗ್ಗೆ." ಮೇಡಂ ಪೆನ್ನು ಎತ್ತಿ ಹಿಡಿದೇ ಕೂತರು. ನಾನು ಮನಸ್ಸಿನಲ್ಲೇ ಗೊಬ್ಬರದ ಅಂಗಡಿಯ ಬಿಲ್ ಪುಸ್ತಕ ತೆರೆದೆ. ಅಜ್ಜಿ ಹೊಳೆಯ ತನಕ ಹುಡುಕಿದಳು, ಪಕ್ಕದ ಮನೆಯವರ ಮೇಲೆ ಅನುಮಾನಪಟ್ಟಳು, ಅಳಲು ಕೂತಳು. ಎಲ್ಲವೂ ಒಂದೊಂದೇ ಪದ.

ಕಿಟಕಿಯ ಸರಳು ಅಲುಗಿತು.

"ಏ ಮಗಾ, ಮೇಕೆ ಸಿಕ್ತೋ ಇಲ್ವೋ?"

"ಅಷ್ಟರಲ್ಲಿ" ಎಂದಳು ಹುಡುಗಿ. ಉಸಿರೆಳೆದುಕೊಂಡಳು.

"ಅಷ್ಟರಲ್ಲಿ ಏನಾಯ್ತು? ಅಲ್ಲಿ ಅಜ್ಜಿ ಅಳ್ತಾವ್ಳೆ, ಇಲ್ಲಿ ನೀನು ಸುಧಾರಿಸ್ಕೊಂತಿದೀಯಲ್ಲ! ಬೇಗ ಓದೇ!"

ಅವಳು ಅಪ್ಪನ ಮುಖ ನೋಡಿ, ಉಳಿದ ಕತೆಯನ್ನು ಒಂದೇ ಬೀಸಿಗೆ ಓದಿ ಮುಗಿಸಿದಳು. ಮೇಕೆ ಅಜ್ಜಿಯ ಹಾಸಿಗೆಯಲ್ಲೇ ಮಲಗಿತ್ತು. ಅಪ್ಪ ಹಣೆ ಒರೆಸಿಕೊಂಡರು. ಕಾಯುತ್ತಿದ್ದ ಮೆಣಸಿನ ನಾಲ್ವರು, ತಮ್ಮ ಕತೆಯಲ್ಲಿ ಏನಾಗುತ್ತದೆಂದು ತಾವೇ ಕಿಟಕಿಯಲ್ಲಿದ್ದ ಅಪ್ಪನಿಗೆ ಹೇಳಬೇಕೆಂದು ಹಾಳೆಗಾಗಿ ನೂಕಾಡಿದರು. ಅವರೂ ನಿಲ್ಲದೆ ಓದಿ ಮುಗಿಸಿದ ಮೇಲೆ ಮೇಡಂ ಐವರಿಗೂ 'ಕತೆ' ಎಂದು ಗುರುತು ಹಾಕಿದರು.

"ಗುರುತು ಏನಾದ್ರೂ ಹಾಕ್ಕೊಳ್ಳಿ" ಎಂದರು ಅಪ್ಪ ಕಿಟಕಿಯಿಂದ. "ಕೂರೋದು ಮಾತ್ರ ಕಾಫಿಲಿ."

ಮೇಡಂ ಗೋಡೆಯನ್ನೊಮ್ಮೆ ನೋಡಿ ಹೆಡ್‌ಮಾಸ್ಟರರಿಗೆ ಹೇಳಿದರು: "ಜೂನ್‌ಗೂ ಈ ಮಿಸ್ಸೇ ಇರಲಿ. ಆದರೆ ಇದನ್ನ ಅಳಿಸಿ."

ಜೂನ್‌ನಲ್ಲಿ ನಾನು ಹೋದಾಗ ಗೋಡೆಗೆ ಹೊಸ ಬಣ್ಣ ಬಳಿದಾಗಿತ್ತು. ಯಾರ ಮನಸ್ಸೂ ನೋಯಬಾರದೆಂದು ಹೆಡ್‌ಮಾಸ್ಟರ್ ನಾಲ್ಕು ಕಡೆಯೂ 'ಕಾಫಿ' ಎಂದೇ ಬರೆಸಿದ್ದರು. ಮೊದಲ ಶುಕ್ರವಾರ ಬರೆದುಕೊಂಡೆ: ಕಾಫಿ ಮೂರು, ಕಾಫಿ ನಾಲ್ಕು, ಕಾಫಿ ಎರಡು, ಕಾಫಿ ಐದು. ಸೋಮವಾರ ಒಬ್ಬ ತಂದೆ ಬಂದು, ತನ್ನ ಮಗ ಕೂತಿರುವುದು ಅರೇಬಿಕಾ ಕಾಫಿಯಲ್ಲೋ ರೋಬಸ್ಟಾದಲ್ಲೋ ಎಂದು ಕೇಳಿದರು.