ಹಗ್ಗಕ್ಕೆ ಕೈ ಹಾಕಿದವನ ಪಾಲು

ನನ್ನ ಕಿರಿ ಮಗನಿಗೆ ನಲವತ್ತು ದಾಟಿದೆ. ಅವನ ಕಾಯಿಲೆಗೆ ಕಾರವಾರದ ಡಾಕ್ಟರು ಸ್ಕಿಜೋಫ್ರೀನಿಯಾ ಅಂತಾರೆ. ಆ ಹೆಸರು ನನ್ನ ನಾಲಿಗೆಯಲ್ಲಿ ಹೊರಳೂದಿಲ್ಲ. ಮಾತ್ರೆ ನುಂಗಿದರೆ ಅವನ ಕಿವಿಯೊಳಗಿನ ಮಾತುಗಳು ತಗ್ಗುತ್ತವೆ, ಅಷ್ಟು ಗೊತ್ತು. ಮೊದಲಿನ ಚುರುಕು ತಿರುಗಿ ಬರಲಿಲ್ಲ. ಹೇಳದಿದ್ದರೆ ಮೀಯುವುದಿಲ್ಲ. ಮನೆಗೆ ಇಬ್ಬರು ನೆಂಟರು ಬಂದರೆ ಹಿತ್ತಲಿಗೆ ಹೋಗಿ ನಿಲ್ಲುತ್ತಾನೆ.

ಡಾಕ್ಟರು ಪ್ರತಿ ಸಲ ಕೇಳುತ್ತಾರೆ: ಅಂಗಡಿಗೆ ಹೋಗ್ತಾನಾ? ಯಾರ ಹತ್ರವಾದ್ರೂ ಮಾತಾಡ್ತಾನಾ? ಮದ್ದು ಕೊಡುವವರಿಗೆ ಇದೆಲ್ಲ ಎಂತಕ್ಕೆ ಅಂತ ಮೊದಲು ಅನಿಸಿತ್ತು. ಈಗ ನಾನೂ ಅದನ್ನೇ ನೋಡುತ್ತಾ ಕೂರುತ್ತೇನೆ, ಇವನಿಗೆ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಅಂತ.

ಹೋದ ಚಳಿಗಾಲ ದೇವಬಾಗದ ಕಡಲ ದಡದಲ್ಲಿ ರಂಪಣಿ ಬಲೆ ಬಿಟ್ಟಿದ್ದರು. ದೋಣಿಯಲ್ಲಿ ಒಯ್ದು ಸುತ್ತು ಹಾಕಿ, ಎರಡೂ ತುದಿಯ ಹಗ್ಗ ಹಿಡಿದು ದಡದಿಂದ ಎಳೆಯುವ ಬಲೆ. ಹಗ್ಗಕ್ಕೆ ಕೈ ಹಾಕಿದ ಎಲ್ಲರಿಗೂ ಪಾಲುಂಟು. ಮಗನನ್ನು ಕರೆದೊಯ್ದು ಬಲೆಯ ಯಜಮಾನ ತಾಂಡೇಲನ ಎದುರು ನಿಲ್ಲಿಸಿದೆ. ನಾನು ಸತ್ತ ಮೇಲೆ ಇವನಿಗೆ ಬೆಳಗಾಗೆದ್ದು ಹೋಗಲಿಕ್ಕೆ ಒಂದು ಜಾಗ ಬೇಕಲ್ಲ.

"ಅಕ್ಕಾ, ನಡುವೆ ಕೈ ಬಿಟ್ಟು ಹೋದ ಅಂದ್ರೆ?" ತಾಂಡೇಲ ಕೇಳಿದ.

"ಹೋದ್ರೆ ನಾ ಹಿಡೀತೆ."

"ನಿನ್ನ ಮಂಡಿಗೆ ನಿಲ್ಲೂಕೇ ಆಗೂದಿಲ್ಲ, ಹಗ್ಗ ಹಿಡೀತಾಳಂತೆ!" ತಾಂಡೇಲನ ಹಿಂದೆ ನಿಂತವನೊಬ್ಬ ನಕ್ಕ.

"ನಿನ್ನ ಬಾಯಿಯಷ್ಟು ಕೈ ಓಡಿದ್ರೆ ಬಲೆ ಯಾವಾಗ್ಲೋ ದಡಕ್ಕೆ ಬರ್ತಿತ್ತು" ಅಂದೆ.

"ಇವತ್ತೊಂದಿನ ನೋಡ್ವ. ಬಿಟ್ಟು ಹೋದ್ರೆ ನಾಳೆಯಿಂದ ಬೇಡ" ಅಂದ ತಾಂಡೇಲ.

ಮಗ ಎಳೆದ. ಉಳಿದವರು ಹೋ ಹೋ ಎಂದು ಕೂಗುತ್ತಿದ್ದರು, ಇವನು ಬಾಯಿ ಬಿಡಲಿಲ್ಲ. ಹಿಂದೆ ಮುಂದೆ ಮೈ ತಾಗುವಷ್ಟು ಜನ. ಇಬ್ಬರು ನೆಂಟರಿಗೆ ಅಂಜುವವನು ಇಲ್ಲಿ ಹೇಗೆ ನಿಂತ? ಹಗ್ಗ ಎಳೆಯುವಾಗ ಯಾರೂ ಯಾರ ಮುಖ ನೋಡುವುದಿಲ್ಲ, ಎಲ್ಲರ ಕಣ್ಣೂ ನೀರಿನ ಮೇಲೆ. ಅದಕ್ಕಿರಬಹುದು. ಒಮ್ಮೆ ಹಗ್ಗ ಬಿಟ್ಟು ಕಿವಿ ಮುಚ್ಚಿಕೊಂಡ. ಕೆಟ್ಟಿತು ಅಂತ ನಾನು ಎದ್ದೆ. ಅಷ್ಟರಲ್ಲಿ ತಾನೇ ತಿರುಗಿ ಹಿಡಿದ.

ಬಲೆಗೆ ಬಂಗಡೆ ಮೀನು ಬಿದ್ದಿತ್ತು. ರಾಶಿ ಹಾಕಿ ಪಾಲು ಮಾಡಿದರು. ತಾಂಡೇಲ ಇವನ ರಾಶಿಗೆ ಇನ್ನೊಂದು ಬೊಗಸೆ ಸುರಿದು ನನ್ನತ್ತ ನೋಡಿದ. ಬಂದ ಬಂಗಡೆ ಯಾರು ಬೇಡ ಅಂತಾರೆ? ಮಗ ಪಕ್ಕದವನ ರಾಶಿ ನೋಡಿದ, ತನ್ನದು ನೋಡಿದ. ಕುಕ್ಕರಗಾಲಲ್ಲಿ ಕೂತು, ಹೆಚ್ಚಿದ್ದನ್ನು ಆರಿಸಿ ತಾಂಡೇಲನ ಬುಟ್ಟಿಗೆ ಹಾಕಿದ.

"ಎಂತಕ್ಕೋ?" ತಾಂಡೇಲ ಕೇಳಿದ.

"ಎಲ್ಲರಷ್ಟೇ" ಅಂದ ಮಗ.

ನಾನು ಬೈದೆ, ಇನ್ನೊಂದು ಹೊತ್ತಿನ ಸಾರಿಗೆ ಆಗ್ತಿತ್ತಲ್ಲೋ ಅಂತ. ಆದರೆ ಸೋಜಿಗವಾಯಿತು. ಇವನಿಗೆ ಜನ ಕಾಣುವುದೇ ಇಲ್ಲ ಅಂದುಕೊಂಡಿದ್ದೆ. ಪಕ್ಕದವನಿಗೆ ಎಷ್ಟು ಸಿಕ್ಕಿತು ಅಂತ ನೋಡಿದ್ದಾನೆ! ಡಾಕ್ಟರು ಇದನ್ನು ಒಮ್ಮೆಯೂ ಕೇಳಿರಲಿಲ್ಲ.

ಮರುದಿನ ತಾನಾಗೇ ಹೋದ. ಅದರಾಚೆ ದಿನ ಮುಸುಕು ಹೊದ್ದು ಮಲಗಿದ, ನಾನು ಎಷ್ಟು ಕೂಗಿದರೂ ಏಳಲಿಲ್ಲ. ಮುಗೀತು ಅಂದುಕೊಂಡೆ. ಅಷ್ಟರಲ್ಲಿ ಅಂಗಳದಲ್ಲಿ ತಾಂಡೇಲನ ದನಿ:

"ಅಕ್ಕಾ, ಎದ್ದಾನಾ ಅವ? ಹಗ್ಗಕ್ಕೆ ಒಂದು ಕೈ ಕಮ್ಮಿ ಉಂಟು."