ಬೈಗುಳ ಅಕ್ಕನದು, ಸಾಹಿತ್ಯ ನನ್ನದು

ಕಳೆದ ವಾರ ಭಾವ ಫೋನ್ ಮಾಡಿದರು.

"ನಿಮ್ಮಕ್ಕ ನಿನ್ ಸಿನಿಮಾ ನೋಡ್ಕೊಂಡ್ ಬಂದವ್ಳೆ ಕಣಪ್ಪಾ. ಬಂದಾಗಿಂದ ನನ್ನ ಒಂದ್ ಮಾತೂ ಬಯ್ದಿಲ್ಲ. ಭಯ ಆಯ್ತೈತೆ."

ನನಗೂ ಆಯಿತು.

ನಾನು ಹಾಡು, ಚಿತ್ರಕಥೆ ಬರೆದು ಬದುಕುವವನು. ಅದೂ ಕುಣಿಸಿ ನಗಿಸಬೇಕಾದ ಸಿನಿಮಾಗಳಿಗೆ. ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸ್‌ನ ಕಾರ್ಮಿಕರ ಲೈನ್ ಮನೆಗಳ ಮಧ್ಯೆ ಆಡುತ್ತಿದ್ದ ನಾಟಕಗಳಿಗೆ ಹಾಡು ಬರೆಯುತ್ತ ಶುರುವಾದ ಕಸುಬು. ಅಂದಿನಿಂದ ನನ್ನ ಕಚ್ಚಾವಸ್ತು ಒಂದೇ, ನೆಂಟರು. (ಬೇರೆ ಯಾರು ಬಿಟ್ಟಿಯಾಗಿ ಸಿಗುತ್ತಾರೆ ಹೇಳಿ?)

ಈ ಸಲ ಸಿಕ್ಕವಳು ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿರುವ ನಮ್ಮಕ್ಕ. ಬೆಳಗ್ಗೆ ಹಾಲು ಕರೆಯುತ್ತಲೇ ಭಾವನನ್ನು ಬೈಯುತ್ತಾಳೆ. ಹಾಲು ಬಕೆಟ್ಟಿಗೆ ಬೀಳುವ ತಾಳಕ್ಕೆ ಸರಿಯಾಗಿ!

"ಎಮ್ಮೆ ಎದ್ದೈತೆ, ಕೋಳಿ ಎದ್ದೈತೆ, ನೀನ್ಯಾವಾಗಯ್ಯಾ ಏಳಾದು?"

ಸಿಟ್ಟು ಏರಿದರೆ ಅದೇ 'ಏಳಯ್ಯಾ' ತೆಲುಗಿನಲ್ಲಿ: "ಲೇವಯ್ಯಾ ಲೇ!"

ಅದನ್ನು ಹಾಗೇ ಎತ್ತಿ ಡ್ಯುಯೆಟ್ ಮಾಡಿಬಿಟ್ಟೆ. ಹಾಡು ಹಿಟ್. ಊರೆಲ್ಲ ಅದೇ ರಿಂಗ್‌ಟೋನ್. ಅಕ್ಕನನ್ನು ಮಾತ್ರ ಒಂದು ಮಾತು ಕೇಳಿರಲಿಲ್ಲ.

ಭಾನುವಾರ ಮಗಳ ನಾಮಕರಣ. ನಮ್ಮಲ್ಲಿ ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳಬೇಕಾದವಳು ಸೋದರತ್ತೆ. ನನಗಿರುವುದು ಒಬ್ಬಳೇ ಅಕ್ಕ. ಮುನಿಸಿಕೊಂಡು ಬರದೇ ಹೋದರೆ? ಫೋನ್ ಮಾಡಲು ಧೈರ್ಯ ಬರಲಿಲ್ಲ. "ಒಂದು ಹಾಡಿಗೋಸ್ಕರ ಮಗಳಿಗೆ ಅತ್ತೇನೇ ಇಲ್ಲದ ಹಾಗೆ ಮಾಡಿದ್ರಿ" ಎಂದು ಹೆಂಡತಿ ಕಣ್ಣೀರು ಹಾಕಿದಳು. ಊಟ ಸೇರಲಿಲ್ಲ ನನಗೆ.

ಭಾನುವಾರ ಬಂದಳು! ರೇಷ್ಮೆ ಸೀರೆ, ಕೈಯಲ್ಲಿ ಹಾಲಿನ ಕ್ಯಾನು, ಹಿಂದೆ ಭಾವ. ಬಾಗಿಲಲ್ಲೇ ಶುರು.

"ಏನ್ಲಾ, ಆ ಈರೋಯಿನ್‌ಗೆ ಬಯ್ಯಾಕೇ ಬರಾಕಿಲ್ವಲ್ಲಾ! ಅಷ್ಟು ಮೆತ್ತಗೆ ಬಯ್ದ್ರೆ ಯಾವ ಗಂಡ ಏಳ್ತಾನೆ?"

"ಮತ್ತೆ ಭಾವನ್ನ ಯಾಕೆ ಬೈತಿಲ್ಲ ನೀನು?"

"ಎಂಗ್ಲಾ ಬಯ್ಯಾದು? ಬಾಯ್ ತೆಗೆದ್ರೆ ಬೀದಿಯೋರೆಲ್ಲ ಕೋರಸ್ ಕೊಡ್ತಾರೆ! ಇರ್ಲಿ, ನಾಳೆಯಿಂದ ಒಸಾ ಬೈಗುಳ ಸುರು!"

ಉಸ್ಸಪ್ಪಾ ಎಂದು ಗೋಡೆಗೆ ಒರಗಿದೆ. ಕಣ್ಣು ತೇವವಾಯಿತು, ಮುಚ್ಚಿಡುವುದೇನು? ಭಾವನ ಮುಖ ಮಾತ್ರ ಸ್ವಲ್ಪ ಬಾಡಿತು. (ಇನ್ನಷ್ಟು ದಿನ ನೆಮ್ಮದಿಯಾಗಿ ಮಲಗಬಹುದು ಅಂದುಕೊಂಡಿದ್ದರೇನೋ.)

ಅಕ್ಕ ಮಗುವನ್ನು ಎತ್ತಿಕೊಂಡು ಕಿವಿಯಲ್ಲಿ ಹೆಸರು ಹೇಳಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಇನ್ನೊಂದು ಮಾತು.

"ನಿಮ್ಮಪ್ಪನ ಮುಂದೆ ಉಷಾರಾಗಿ ಅಳವ್ವಾ. ಸಿನಿಮಾಕ್ಕೆ ಆಕ್ಬುಡ್ತಾನೆ."

ಮಗಳು ಕಿಟಾರನೆ ಕಿರುಚಿದಳು. ಸುಳ್ಳೇಕೆ ಹೇಳಲಿ, ಪಲ್ಲವಿಗೆ ಹೇಳಿ ಮಾಡಿಸಿದ ಹಾಗಿತ್ತು!